ಚಳಿಗಾಲದಲ್ಲಿ ಶಾಲೆ ಮಕ್ಕಳನ್ನು ಊರ ಕೆರೆಗೆ ಕರೆದುಕೊಂಡು ಹೋಗೋದು: ಏನು ತೋರಿಸೋಣ, ಹೇಗೆ?

ಏರಿ_ಮೇಷ್ಟ್ರು (ತಿಪಟೂರು ಸೀಮೆ)
ಎಲ್ಲರಿಗೂ ನಮಸ್ಕಾರ. ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಮೇಷ್ಟ್ರು. ಶಾಲೆಯಿಂದ ಕೂಗಳತೆ ದೂರದಲ್ಲೇ ಊರ ಕೆರೆ. ಈ ಸಲ ಕೋಡಿ ಬಿದ್ದಿತ್ತು. ಈಗ ನೀರು ನಿಧಾನಕ್ಕೆ ಹಿಂದೆ ಸರಿಯುತ್ತಿದೆ, ಅಂಚಿನಲ್ಲಿ ಕೆಸರು ಕಾಣುತ್ತಿದೆ. ಬಾತುಗಳು ಬಂದಿಳಿದಿವೆ.

ಶನಿವಾರ ಹೇಗೂ ಬೆಳಗಿನ ಶಾಲೆ. ಫೆಬ್ರವರಿ ಮುಗಿಯುವ ತನಕ ಪ್ರತಿ ಶನಿವಾರ ಆರು, ಏಳನೇ ತರಗತಿ ಮಕ್ಕಳನ್ನು ಒಂದು ಗಂಟೆ ಕೆರೆಗೆ ಕರೆದುಕೊಂಡು ಹೋಗಬೇಕು ಅಂತ ಆಸೆ. ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಸಮಿತಿ) ಸಭೆಯಲ್ಲಿ ವಿಷಯ ಇಟ್ಟೆ. ಒಬ್ಬರು 'ದಿನಾ ನೋಡೋ ಕೆರೆಯಲ್ಲಿ ಏನಿದೆ, ಒಂದೇ ಸಲ ಬಸ್ ಮಾಡಿ ರಂಗನತಿಟ್ಟಿಗೆ ಕರೆದುಕೊಂಡು ಹೋಗಿ' ಅಂದರು. ತಾಯಂದಿರಿಗೆ ಮಂಜು, ನೆಗಡಿಯ ಚಿಂತೆ. ನನ್ನ ಹತ್ತಿರ ಇರೋದು ಒಂದೇ ದುರ್ಬೀನು. ಅದನ್ನು ಮಕ್ಕಳ ಕೈಯಿಂದ ಕೈಗೆ ದಾಟಿಸುವಷ್ಟರಲ್ಲಿ ಗಂಟೆ ಕಳೆದುಹೋಗುತ್ತದೆ. ಇಂಥದ್ದು ಮಾಡಿದವರು ಇಲ್ಲಿ ಇದ್ದೀರಿ ಅಂತ ಗೊತ್ತು. ಬಿಡಿಸಿ ಹೇಳಿ.

ಕಂದುಕಳಿಂಗ (ಬೆಂಗಳೂರು)
ಊರ ಕೆರೆಯೇ ಸಾಕು ಮೇಷ್ಟ್ರೇ, ಎರಡನೇ ಮಾತೇ ಇಲ್ಲ. ರಂಗನತಿಟ್ಟಿಗೆ ಹೋಗಿ ಬಂದ ಮಕ್ಕಳನ್ನು ಕೇಳಿ ನೋಡಿ. ದೋಣಿ ನೆನಪಿರುತ್ತದೆ, ಬಂಡೆ ಮೇಲಿನ ಮೊಸಳೆ ನೆನಪಿರುತ್ತದೆ. ಹಕ್ಕಿ ನೆನಪಿರಬೇಕಾದರೆ ಅದೇ ಹಕ್ಕಿಯನ್ನು ವಾರ ವಾರ ನೋಡಬೇಕು.

ತುಂಗಾತೀರ
ಪೂರ್ತಿ ಒಪ್ಪಲ್ಲ. ಒಂದು ದೊಡ್ಡ ಜಾಗ ನೋಡಿದ ಮೇಲೆ ಮಕ್ಕಳಿಗೆ ಆಸಕ್ತಿ ಹತ್ತುತ್ತದೆ. ಸಾವಿರ ಹಕ್ಕಿ ಒಟ್ಟಿಗೆ ಕೂತಿರೋದನ್ನು ನೋಡೋದೇ ಬೇರೆ. ಜನವರಿಯಲ್ಲಿ ನಮ್ಮ ತುಂಗಾ ಹೊಳೆಯ ಮಂಡಗದ್ದೆ ಪಕ್ಷಿಧಾಮಕ್ಕೆ ಕರೆದುಕೊಂಡು ಬನ್ನಿ, ರಸ್ತೆ ಪಕ್ಕದಲ್ಲೇ ಇದೆ, ನಡೆಯೋ ಕೆಲಸವೇ ಇಲ್ಲ.

ಶಿವಮೊಗ್ಗದವಳು
ಅಯ್ಯೋ, ಜನವರಿಯಲ್ಲಿ ಮಂಡಗದ್ದೆಗೆ ಬಂದರೆ ಬರೀ ಹೊಳೆ ನೋಡಿಕೊಂಡು ಹೋಗಬೇಕಾಗುತ್ತದೆ! ಅಲ್ಲಿ ಗೂಡು ಕಟ್ಟೋದು ಮಳೆಗಾಲದಲ್ಲಿ. ಸೊರಬದ ಗುಡವಿ ಕೂಡ ಹಾಗೇ. ಡಿಸೆಂಬರ್ ಕೊನೆಯಿಂದ ಗೂಡು ನೋಡಬೇಕು ಅಂದರೆ ರಂಗನತಿಟ್ಟು ಇಲ್ಲವೇ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು. ದಯವಿಟ್ಟು ಕಾಲ ನೋಡಿಕೊಂಡು ಬಸ್ ಬುಕ್ ಮಾಡಿ.

ತುಂಗಾತೀರ
ಹೌದು ಅಕ್ಕ, ನಾನು ಆಗಸ್ಟ್‌ನಲ್ಲಿ ನೋಡಿದ್ದು. ಆದರೂ ದೊಡ್ಡ ಜಾಗ ಒಂದು ಬೇಕು ಅನ್ನೋ ಮಾತಿನಲ್ಲಿ ಬದಲಾವಣೆ ಇಲ್ಲ.

ಎರೆಹೊಲ (ಗದಗ)
ದೊಡ್ಡ ಜಾಗ ಅಂದರೆ ನಮ್ಮ ಮಾಗಡಿ ಕೆರೆಗೆ ಬರ್ರಿ. ಪಟ್ಟೆತಲೆ ಹೆಬ್ಬಾತುಗಳು ನವೆಂಬರ್‌ನಿಂದ ಇಳಿಯೋಕೆ ಶುರು, ಫೆಬ್ರವರಿ, ಮಾರ್ಚ್ ಹೊತ್ತಿಗೆ ವಾಪಸ್. ಹಗಲೆಲ್ಲ ಕೆರೆಯಲ್ಲಿ ಇರುತ್ತವೆ, ಬೆಳಗಾಗೋ ಮುಂಚೆ ಮತ್ತು ಸಂಜೆ ಹೊಲಕ್ಕೆ ಮೇಯೋಕೆ ಹೋಗುತ್ತವೆ. ಬಿಳಿ ತಲೆ ಮೇಲೆ ಎರಡು ಕರಿ ಪಟ್ಟೆ. ಗುರುತು ಹಿಡಿಯೋಕೆ ದುರ್ಬೀನೂ ಬೇಕಿಲ್ಲ. 2024ರಲ್ಲಿ ಈ ಕೆರೆಗೆ ರಾಮ್ಸಾರ್ ಮಾನ್ಯತೆ (ಮಹತ್ವದ ಜೌಗು ನೆಲ ಅನ್ನೋ ಅಂತರರಾಷ್ಟ್ರೀಯ ಗುರುತು) ಸಿಕ್ಕಿತು, ಜೊತೆಗೆ ಅಂಕಸಮುದ್ರಕ್ಕೂ ಅಘನಾಶಿನಿ ಅಳಿವೆಗೂ. ಅದಕ್ಕೆ ಮುಂಚೆ ರಾಜ್ಯದಲ್ಲಿ ರಂಗನತಿಟ್ಟು ಒಂದೇ ಇತ್ತು.

ನೆಲಗಡಲೆ
ಮಾಗಡಿ ನಮ್ಮ ಬೆಂಗಳೂರು ಪಕ್ಕದಲ್ಲೇ ಅಲ್ವಾ? ಅಷ್ಟು ದೊಡ್ಡ ಬಾತು ಬರೋದು ಕೇಳೇ ಇಲ್ಲ.

ಎರೆಹೊಲ (ಗದಗ)
ಅದು ಕೆಂಪೇಗೌಡರ ಮಾಗಡಿ. ಇದು ಶಿರಹಟ್ಟಿ ತಾಲ್ಲೂಕಿನ ಮಾಗಡಿ, ಲಕ್ಷ್ಮೇಶ್ವರದ ಹತ್ತಿರ. ಪ್ರತಿ ವರ್ಷ ಯಾರಾದರೂ ಒಬ್ಬರು ಆ ಮಾಗಡಿಗೆ ಹೋಗಿ ಫೋನ್ ಮಾಡುತ್ತಾರೆ.

ಹದಿನಾರು_ಹತ್ತಿರ (ನಂಜನಗೂಡು)
ಮೈಸೂರು ಕಡೆಯವರು ಹದಿನಾರು ಕೆರೆಗೂ ಬರಬಹುದು, ಅದೇ ಹೆಬ್ಬಾತು ಇಲ್ಲಿಗೂ ಬರುತ್ತದೆ. ಇಲ್ಲಿ ಕೆಲವು ಸಲ ಕುತ್ತಿಗೆಗೆ ಪಟ್ಟಿ ಹಾಕಿದ ಹಕ್ಕಿಗಳು ಕಂಡಿವೆ. ಆ ಪಟ್ಟಿ ಹಾಕಿದ್ದು ಮಂಗೋಲಿಯಾದಲ್ಲಿ. ಮಕ್ಕಳಿಗೆ ಇದನ್ನು ಹೇಳಿ ನಕ್ಷೆ ತೆಗೆದು ತೋರಿಸಿ. ಮಂಗೋಲಿಯಾ ಎಲ್ಲಿದೆ, ಮಧ್ಯೆ ಹಿಮಾಲಯ ಎಲ್ಲಿದೆ, ನಾವು ಎಲ್ಲಿದ್ದೇವೆ. ಈ ಹಕ್ಕಿ 7,000 ಮೀಟರ್‌ಗಿಂತ ಮೇಲೆ ಹಾರಿದ್ದನ್ನು ಯಂತ್ರ ಕಟ್ಟಿ ಅಳೆದಿದ್ದಾರೆ. ಅಷ್ಟೆತ್ತರದ ತೆಳು ಗಾಳಿಯಲ್ಲೂ ಅದರ ರಕ್ತ ಆಮ್ಲಜನಕವನ್ನು ಚೆನ್ನಾಗಿ ಹಿಡಿದುಕೊಳ್ಳುತ್ತದೆ. ಸಮಾಜ, ವಿಜ್ಞಾನ ಎರಡೂ ಪಾಠ ಒಂದೇ ಹಕ್ಕಿಯಲ್ಲಿ ಮುಗಿಯುತ್ತದೆ.

ಗಿರಿನಗರ_ರಾಯ
ಪಾಪ, ಸೈಬೀರಿಯಾದ ಚಳಿ ತಡೆಯೋಕೆ ಆಗದೆ ಬರುತ್ತವೆ.

ಕಂದುಕಳಿಂಗ (ಬೆಂಗಳೂರು)
ಇದೊಂದು ಮಾತು ಮಕ್ಕಳಿಗೆ ಹೇಳಬೇಡಿ ರಾಯರೇ. ಎತ್ತರದ ತಣ್ಣನೆ ಬಯಲಿನಲ್ಲಿ ಮರಿ ಮಾಡುವ ಹಕ್ಕಿ ಅದು. ಟಿಬೆಟ್, ಮಂಗೋಲಿಯಾ, ನಮ್ಮದೇ ಲಡಾಖ್. ತಕ್ಕಮಟ್ಟಿನ ಚಳಿ ಅದಕ್ಕೆ ಲೆಕ್ಕವೇ ಇಲ್ಲ. ಅಲ್ಲಿ ಕೆರೆಗಳು ಹೆಪ್ಪುಗಟ್ಟಿದರೆ, ಹುಲ್ಲು ಹಿಮದಡಿ ಹೋದರೆ ತಿನ್ನೋಕೆ ಏನೂ ಸಿಗಲ್ಲ. ಬರೋದು ಹೊಟ್ಟೆಪಾಡಿಗೆ. ಹುಳ ತಿನ್ನುವ ಪುಟ್ಟ ಹಕ್ಕಿಗಳದ್ದೂ ಇದೇ ಕಥೆ.

ಇನ್ನೊಂದು, ಪತ್ರಿಕೆಗಳಲ್ಲಿ ಕೆರೆಯ ಹಕ್ಕಿ ಎಲ್ಲವೂ 'ಸೈಬೀರಿಯಾದ ಅತಿಥಿ' ಆಗಿಬಿಡುತ್ತದೆ. ಕೊಕ್ಕರೆ ಬೆಳ್ಳೂರಿನ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ (ಪೆಲಿಕನ್) ಎಲ್ಲ ಇಲ್ಲಿಯವೇ. ನೀರು, ಮೀನು ನೋಡಿಕೊಂಡು ದಕ್ಷಿಣದಲ್ಲೇ ಓಡಾಡುತ್ತವೆ.

ಗಿರಿನಗರ_ರಾಯ
ಸರಿ ಸರ್. ಹಾಗಾದರೆ ಚಳಿಗಾಲದಲ್ಲಿ ಬೆಳ್ಳೂರಿಗೆ ಬರೋದು ಯಾಕೆ?

ಮಂಡ್ಯದ_ಹೈದ
ಮರಿ ಮಾಡೋಕೆ. ನಮ್ಮ ಕಡೆ ಅದನ್ನು ಮಗಳು ಬಾಣಂತನಕ್ಕೆ ತವರಿಗೆ ಬಂದ ಹಾಗೆ ಅಂತಾರೆ. ಊರೊಳಗಿನ ಹುಣಸೆ, ಆಲ, ಅರಳಿ ಮರದ ಮೇಲೇ ಗೂಡು. ಮನೆ ಅಂಗಳದಲ್ಲಿ ನಿಂತು ಕತ್ತೆತ್ತಿದರೆ ಮರಿ ಕಾಣುತ್ತದೆ. ಹಿಕ್ಕೆಯ ವಾಸನೆ ಇದೆ, ಹುಣಸೆಹಣ್ಣು ಕೈಗೆ ಸಿಗಲ್ಲ, ಆದರೂ ಜನ ಓಡಿಸಲ್ಲ. ಹಿಕ್ಕೆ ಬಿದ್ದ ಮಣ್ಣನ್ನು ಹೊಲಕ್ಕೆ ಗೊಬ್ಬರ ಮಾಡುತ್ತಾರೆ. ಗೂಡಿಂದ ಬಿದ್ದ ಮರಿಗಳನ್ನು ಊರ ಹುಡುಗರೇ ಮೀನು ಹಾಕಿ ಸಾಕಿ ಬಿಟ್ಟಿದ್ದಾರೆ. 2007ರಲ್ಲಿ ಸಮುದಾಯ ಮೀಸಲು ಅಂತ ಘೋಷಣೆ ಆಯಿತು. ಊರಿನವರು ಕಾಪಾಡಿಕೊಂಡು ಬಂದಿದ್ದು ಮಾತ್ರ ಅದಕ್ಕೂ ಬಹಳ ಹಿಂದಿನಿಂದ.

ಲಲಿತಕ್ಕ_ಮೈಸೂರು
ಎಲ್ಲರೂ ಊರು ಸುತ್ತುತ್ತಿದ್ದೀರಿ. ಮೇಷ್ಟ್ರು ಕೇಳಿದ್ದು ಒಂದೇ ದುರ್ಬೀನಿನಲ್ಲಿ ಏನು ಮಾಡೋಣ ಅಂತ. ನಾನು ನಮ್ಮ ಬಡಾವಣೆ ಮಕ್ಕಳ ಜೊತೆ ಚಳಿಗಾಲದ ಭಾನುವಾರಗಳಲ್ಲಿ ಇದನ್ನು ಮಾಡುತ್ತೇನೆ, ಅದನ್ನೇ ಬರೆಯುತ್ತೇನೆ.

ಮೊದಲ ವಾರ ದುರ್ಬೀನನ್ನು ಚೀಲದಿಂದ ಹೊರಗೆ ತೆಗೆಯಲೇಬೇಡಿ. ಹುಳ ನೋಡಿ. ತಣ್ಣನೆ ಬೆಳಗಿನಲ್ಲಿ ಚಿಟ್ಟೆಗೂ ಏರೋಪ್ಲೇನ್ ಹುಳಕ್ಕೂ ಹಾರೋಕೆ ಆಗಲ್ಲ. ಮೈ ಬಿಸಿ ಏರಬೇಕು, ಅದಕ್ಕೆ ಬಿಸಿಲು ಬರಬೇಕು. ಏರಿ ಪಕ್ಕದ ಹುಲ್ಲಿನಲ್ಲಿ ಏರೋಪ್ಲೇನ್ ಹುಳ ಕೂತಿರುತ್ತದೆ. ರೆಕ್ಕೆಯ ಒಂದೊಂದು ಗೆರೆಯ ಮೇಲೂ ಇಬ್ಬನಿ, ಕಣ್ಣಿನ ಮೇಲೂ ಇಬ್ಬನಿ. ಒಂದು ಗೇಣು ಹತ್ತಿರ ಹೋದರೂ ಏಳಲ್ಲ. ಮಕ್ಕಳು ಮಂಡಿಯೂರಿ ಉಸಿರು ಬಿಗಿಹಿಡಿದು ನೋಡುತ್ತಾರೆ. ಬಿಸಿಲು ತಾಗಿದ ಮೇಲೆ ಅದು ಮುಂಗಾಲಿನಿಂದ ಕಣ್ಣು ಒರೆಸಿಕೊಳ್ಳುತ್ತದೆ, ರೆಕ್ಕೆ ನಡುಗಿಸುತ್ತದೆ, ಆಮೇಲೆ ಹಾರುತ್ತದೆ. ಮುಟ್ಟಬಾರದು ಅನ್ನೋ ಒಂದೇ ನಿಯಮ.

ಆಮೇಲೆ ಜೇಡರ ಬಲೆ. ಬೇರೆ ದಿನ ಕಣ್ಣಿಗೇ ಬೀಳದ ಬಲೆಗಳು ಮಂಜು ಬಿದ್ದ ದಿನ ಬೇಲಿ ತುಂಬ ಎದ್ದು ಕಾಣುತ್ತವೆ. ನಡುವೆ ಅಂಕುಡೊಂಕು ಬಿಳಿ ಗೀಟು ಹಾಕಿಕೊಂಡ ಜೇಡ ಸಿಕ್ಕರೆ ಅದರ ಮುಂದೆ ಹತ್ತು ನಿಮಿಷ ನಿಲ್ಲಿ.

ಮೂರನೆಯದು ಕಿವಿ. ಬೇಲಿಯೊಳಗಿಂದ 'ಟಕ್, ಟಕ್' ಅಂತ ಕಲ್ಲು ಕುಟ್ಟಿದಂಥ ಸದ್ದು ಬರುತ್ತದೆ. ಹಕ್ಕಿ ಕಾಣಲ್ಲ. ಅದು ಉತ್ತರದಿಂದ ಬಂದ ಪುಟ್ಟ ಉಲಿಯಕ್ಕಿ. ಏಪ್ರಿಲ್ ಕಳೆದ ಮೇಲೆ ಅದೇ ಬೇಲಿಯಲ್ಲಿ ಆ ಸದ್ದು ಇರಲ್ಲ. ಇದನ್ನು ಮಕ್ಕಳೇ ಕಂಡುಕೊಳ್ಳಲಿ, ನೀವು ಮೊದಲೇ ಹೇಳಬೇಡಿ.

ಕೆಸರಿನಲ್ಲಿ ಹೆಜ್ಜೆ ಗುರುತು ಹೇಗೂ ಇದೆ. ಗದ್ದೆಗೊರವ ಹಕ್ಕಿಯದ್ದು, ಮುಂಗುಸಿಯದ್ದು, ಊರ ನಾಯಿಯದ್ದು.

ಏರಿ_ಮೇಷ್ಟ್ರು (ತಿಪಟೂರು ಸೀಮೆ)
ಲಲಿತಕ್ಕ, ಕೈ ಮುಗಿದೆ. ಇದು ನನಗೆ ಬೇಕಾಗಿದ್ದ ಉತ್ತರ. ನೆಗಡಿ ವಿಷಯ ಏನು ಮಾಡಿದಿರಿ?

ಲಲಿತಕ್ಕ_ಮೈಸೂರು
ಏಳೂವರೆಗೆ ಮುಂಚೆ ಕರೆಯಬೇಡಿ. ಟೋಪಿ, ಸ್ವೆಟರ್ ಕಡ್ಡಾಯ ಮಾಡಿ. ತಾಯಂದಿರನ್ನೂ ಒಂದು ಸಲ ಕರೆಯಿರಿ. ಬಂದವರು ಆಮೇಲೆ ಬೇಡ ಅನ್ನಲ್ಲ.

ಹಾವುಹಿಡಿಯದವ
ಒಂದು ಎಚ್ಚರಿಕೆ. ಚಳಿಗಾಲದ ಬೆಳಗ್ಗೆ ಕೊಳಕುಮಂಡಲ ಬಿಸಿಲಿಗೆ ಮೈ ಒಡ್ಡಿ ಒಣಹುಲ್ಲು, ಬದುವಿನ ಪಕ್ಕ ಅಲ್ಲಾಡದೆ ಮಲಗಿರುತ್ತದೆ. ಬಣ್ಣ ಒಣಎಲೆಯಲ್ಲಿ ಬೆರೆತುಹೋಗುತ್ತದೆ. ಮಂಡಿಯೂರಿ ಹುಳ ನೋಡೋದೆಲ್ಲ ಸರಿ, ದೊಡ್ಡವರೊಬ್ಬರು ಮುಂದೆ ಕೋಲು ಬಡಿಯುತ್ತಾ ನಡೆಯಲಿ. ಮಕ್ಕಳಿಗೆ ಚಪ್ಪಲಿ ಸಾಲದು, ಶೂ ಇರಲಿ. ಕಚ್ಚಿದರೆ ಕಟ್ಟು ಕಟ್ಟೋದು, ಕೊಯ್ಯೋದು ಬೇಡ, ಸೀದಾ ಆಸ್ಪತ್ರೆ. ಇದನ್ನೂ ಪಾಠದಲ್ಲಿ ಸೇರಿಸಿ.

ಹಿಂಗಾರಿ_ರೈತ (ವಿಜಯಪುರ ಜಿಲ್ಲೆ)
ಎಲ್ಲ ಓದಿದೆ. ರೈತನ ಮಾತು ಯಾರೂ ಎತ್ತಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಡಿಸೆಂಬರ್, ಜನವರಿ ನಮಗೆ ಸೀತನಿ (ಎಳೆ ಜೋಳದ ತೆನೆ ಸುಟ್ಟು ತಿನ್ನೋ) ಕಾಲ. ಬಿಳಿಜೋಳ ಹಾಲುಗಾಳು ಕಟ್ಟಿರುತ್ತದೆ. ಆವಾಗಲೇ ಗುಲಾಬಿ ಮೈನಾ ಹಿಂಡು ಇಳಿಯುತ್ತದೆ. ಮೈ ಗುಲಾಬಿ, ತಲೆ, ರೆಕ್ಕೆ ಕಪ್ಪು, ನೋಡೋಕೆ ಚೆಂದ. ಆದರೆ ಒಂದು ಹಿಂಡು ಕೂತು ಎದ್ದರೆ ತೆನೆ ಬರೀ ಕಂಕಿ. ಬೆಳಗ್ಗೆ, ಸಂಜೆ ಅಟ್ಟಣಿಗೆ ಮೇಲೆ ನಿಂತು ಕವಣೆ ಬೀಸಬೇಕು, ಡಬ್ಬಿ ಬಡಿಯಬೇಕು. ಶಾಲೆ ಮಕ್ಕಳೇ ಹಕ್ಕಿ ಕಾಯೋಕೆ ಹೋಗುತ್ತಾರೆ. ಆ ಮಕ್ಕಳಿಗೆ ಕ್ಲಾಸಿನಲ್ಲಿ 'ಹಕ್ಕಿ ಓಡಿಸೋರು ಕೆಟ್ಟವರು' ಅಂತ ಹೇಳಿದರೆ ಅವರ ಅಪ್ಪನನ್ನೇ ಬೈದ ಹಾಗೆ. ಅದು ಆಗಬಾರದು.

ಹಕ್ಕಿ ಬೇಡ ಅಂತಲೂ ನಾವು ಅನ್ನಲ್ಲ. ಕಡಲೆ ಹೊಲದಲ್ಲಿ ಕಾಯಿಕೊರಕ ಹುಳ ಬಿದ್ದಾಗ ಸಾಲಿನಲ್ಲಿ ಚುರುಮುರಿ ಚೆಲ್ಲುತ್ತೇವೆ. ಚುರುಮುರಿಗೆ ಬಂದ ಹಕ್ಕಿ ಹುಳವನ್ನೂ ಹೆಕ್ಕುತ್ತದೆ. ಕೂರೋಕೆ ಅಲ್ಲಲ್ಲಿ ಟಿ ಆಕಾರದ ಕೋಲು ನೆಡುತ್ತೇವೆ. ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ (ಭೂತಾಯಿಯ ಎಡೆ) ಚೆಲ್ಲಿದಾಗ ಅದರಲ್ಲಿ ಹಕ್ಕಿಗೂ ಪಾಲು ಇದ್ದೇ ಇರುತ್ತದೆ. ಒಂದೇ ಹಕ್ಕಿ ಒಂದು ಹೊಲಕ್ಕೆ ನಷ್ಟ, ಪಕ್ಕದ ಹೊಲಕ್ಕೆ ಲಾಭ. ಇದನ್ನು ಮಕ್ಕಳಿಗೆ ಹೇಳೋಕೆ ರೈತರನ್ನೇ ಕರೆಯಿರಿ.

ಎರೆಹೊಲ (ಗದಗ)
ಸೋದರಾ, ನೂರಕ್ಕೆ ನೂರು ನಿಜ. ಮಾಗಡಿ ಸುತ್ತಲಿನ ಶೇಂಗಾ, ಕಡಲೆ ಹೊಲದವರೂ ಇದನ್ನೇ ಹೇಳುತ್ತಾರೆ. ಕೆರೆಗೆ ಮಾನ್ಯತೆ ಬಂದಾಗ ಫೋಟೊ ಹೊಡೆಸಿಕೊಳ್ಳೋಕೆ ಎಲ್ಲರೂ ಬರುತ್ತಾರೆ, ಮೇಯ್ದ ಹೊಲ ನೋಡೋಕೆ ಯಾರೂ ಬರಲ್ಲ.

ಕಂದುಕಳಿಂಗ (ಬೆಂಗಳೂರು)
ಹಿಂಗಾರಿ ಅವರೇ, ಗುಲಾಬಿ ಮೈನಾ ಮಿಡತೆಯನ್ನೂ ರಾಶಿ ರಾಶಿ ತಿನ್ನುತ್ತದೆ. ಅದು ಮರಿ ಮಾಡುವ ಮಧ್ಯ ಏಷ್ಯಾದ ಕಡೆ ಮಿಡತೆ ತಿನ್ನೋದಕ್ಕೇ ಹೆಸರುವಾಸಿ. ನಿಮ್ಮ ನಷ್ಟ ಇದರಿಂದ ಕಡಿಮೆ ಆಗಲ್ಲ, ಗೊತ್ತು. ಹಕ್ಕಿಗೆ ಎರಡು ಮುಖ ಇದೆ ಅಂತ ನೀವು ಹೇಳಿದ್ದಕ್ಕೆ ಸೇರಿಸಿದೆ ಅಷ್ಟೇ.

ಲೆನ್ಸ್_ಗೌಡ
ಮಕ್ಕಳ ಜೊತೆ ಒಬ್ಬ ಫೋಟೊಗ್ರಾಫರ್ ಇದ್ದರೆ ಒಳ್ಳೆಯದು ಮೇಷ್ಟ್ರೇ. ಹಿಂಡು ಎಬ್ಬಿಸಿ ಹಾರುವಾಗ ತೆಗೆದ ಒಂದು ಫೋಟೊ ಸ್ಕೂಲ್ ಗೋಡೆಗೆ ಹಾಕಿದರೆ ವರ್ಷಪೂರ್ತಿ ನೋಡುತ್ತಾರೆ. ನಾನು ಬರುತ್ತೇನೆ, ಡ್ರೋನ್ ಕೂಡ ಇದೆ.

ಹದಿನಾರು_ಹತ್ತಿರ (ನಂಜನಗೂಡು)
ಎಬ್ಬಿಸೋದು ಯಾಕೆ ಸ್ವಾಮಿ? ಸಾವಿರಾರು ಕಿಲೋಮೀಟರ್ ಹಾರಿ ಬಂದು, ವಾಪಸ್ ಹೋಗೋಕೆ ಮೈಯಲ್ಲಿ ಕೊಬ್ಬು ಕೂಡಿಸಿಕೊಳ್ಳುವ ಕಾಲ ಇದು. ಒಂದೊಂದು ಸಲ ಎದ್ದಾಗಲೂ ತಿಂದಿದ್ದು ಖರ್ಚಾಗುತ್ತದೆ. ಡ್ರೋನ್ ಅಂತೂ ಬೇಡವೇ ಬೇಡ. ಮಕ್ಕಳ ಕಣ್ಣೆದುರು ಕಲ್ಲು ಎಸೆದು ಹಕ್ಕಿ ಹಾರಿಸಿದರೆ ಅವರು ಕಲಿಯೋದು ಅದನ್ನೇ.

ಲೆನ್ಸ್_ಗೌಡ
ಕಲ್ಲು ಎಸೆಯುತ್ತೇನೆ ಅಂತ ನಾನು ಹೇಳಿಲ್ಲ. ಚಪ್ಪಾಳೆ ತಟ್ಟಿದರೂ ಏಳುತ್ತವೆ.

ಲಲಿತಕ್ಕ_ಮೈಸೂರು
ಚಪ್ಪಾಳೆಯೂ ಬೇಡಪ್ಪಾ. ಸುಮ್ನೆ ಏರಿ ಮೇಲೆ ಕೂತಿರಿ. ಸೆಳೆವ ಬಂದೇ ಬರುತ್ತದೆ, ಅದೂ ಚಳಿಗಾಲದ ಅತಿಥಿ. ಅಗಲ ರೆಕ್ಕೆ ಚಾಚಿ ಜೊಂಡಿನ ಮೇಲೆ ತಗ್ಗಿನಲ್ಲಿ ಹಾರಿಕೊಂಡು ಬರುವ ಬೇಟೆ ಹಕ್ಕಿ. ಅದು ಬಂದರೆ ಬಾತುಗಳೆಲ್ಲ ತಾವಾಗಿ ಏಳುತ್ತವೆ. ನಿಮಗೆ ಫೋಟೊನೂ ಸಿಗುತ್ತದೆ, ಮಕ್ಕಳಿಗೆ ಯಾಕೆ ಎದ್ದವು ಅನ್ನೋ ಪ್ರಶ್ನೆಯೂ ಸಿಗುತ್ತದೆ.

ಲೆನ್ಸ್_ಗೌಡ
ಸರಿ ಅಕ್ಕ. ಡ್ರೋನ್ ಮನೆಯಲ್ಲೇ ಬಿಟ್ಟು ಬರುತ್ತೇನೆ.

ಕಡಲಮಗ (ಹೊನ್ನಾವರ)
ಕೆರೆ ಮಾತೇ ಜಾಸ್ತಿ ಆಯಿತು, ಕರಾವಳಿಗೂ ಚಳಿಗಾಲ ಇದೆ ಮಾರಾಯ್ರೆ! ನಮ್ಮಲ್ಲಿ ಈ ತಿಂಗಳುಗಳಲ್ಲಿ ರಾತ್ರಿ ಕಡಲಾಮೆ ಮೊಟ್ಟೆ ಇಡೋಕೆ ದಡಕ್ಕೆ ಬರುತ್ತದೆ, ಆಲಿವ್ ರಿಡ್ಲಿ. ಬೆಳಗ್ಗೆ ಬಲೆ ಎಳೆಯೋಕೆ ಹೋದವರಿಗೆ ಮರಳಿನಲ್ಲಿ ಅದು ಮೈ ಎಳೆದುಕೊಂಡು ಹೋದ ದಾರಿ ಕಾಣುತ್ತದೆ. ಒಂದು ಗೂಡಲ್ಲಿ ನೂರರ ಆಸುಪಾಸು ಮೊಟ್ಟೆ. ಮೀನುಗಾರರೇ ಅರಣ್ಯ ಇಲಾಖೆಗೆ ತಿಳಿಸಿ ಗೂಡಿನ ಸುತ್ತ ಬಲೆ ಕಟ್ಟಿ ಕಾಯುತ್ತಾರೆ. ಹತ್ತಿರ ಹತ್ತಿರ ಎರಡು ತಿಂಗಳಿಗೆ ಮರಿ ಹೊರಗೆ. ಮರಿ ಬಿಡುವ ದಿನ ಶಾಲೆ ಮಕ್ಕಳು ಬರುತ್ತಾರೆ. ದಡದಲ್ಲಿ ಜೋರು ಲೈಟು ಇದ್ದರೆ ಮರಿ ದಾರಿ ತಪ್ಪಿ ಊರ ಕಡೆ ಬರುತ್ತದೆ. ಅದಕ್ಕೇ ಅಂಗಡಿಯವರಿಗೂ ಲೈಟು ಆರಿಸಿ ಅಂತ ಮಕ್ಕಳ ಕೈಲೇ ಹೇಳಿಸಬೇಕು.

ಅಪಾರ್ಟ್‌ಮೆಂಟ್_ಅಮ್ಮ (ಬೆಂಗಳೂರು)
ನಮಗೆ ಕೆರೆಯೂ ಇಲ್ಲ, ಕಡಲೂ ಇಲ್ಲ. ಅಕ್ಟೋಬರ್‌ನಲ್ಲಿ ನಮ್ಮ ಬಚ್ಚಲಮನೆ ಕಿಟಕಿಯಿಂದ ಬಣ್ಣಬಣ್ಣದ, ಬಾಲವೇ ಇಲ್ಲದಂಥ ಒಂದು ಹಕ್ಕಿ ಒಳಗೆ ಬಂದು ಬಕೆಟ್ ಹಿಂದೆ ಕೂತುಬಿಟ್ಟಿತ್ತು. ಯಾರಿಗೂ ಹೆಸರು ಗೊತ್ತಾಗಲಿಲ್ಲ.

ಕಂದುಕಳಿಂಗ (ಬೆಂಗಳೂರು)
ಅದು ನವರಂಗ! ಮಳೆಗಾಲ ಮುಗಿದ ಮೇಲೆ ಉತ್ತರದಿಂದ ದಕ್ಷಿಣಕ್ಕೆ ರಾತ್ರಿ ಹಾರಿ ಬರುತ್ತದೆ. ಸುಸ್ತಾಗಿ, ಊರ ದೀಪಕ್ಕೆ ದಿಕ್ಕು ತಪ್ಪಿ ಮನೆಗಳಿಗೆ ನುಗ್ಗೋದು ಪ್ರತಿ ವರ್ಷ ನಡೆಯುತ್ತದೆ. ನೀರು ಕುಡಿಸೋದು, ಬಾಯಿಗೆ ಅನ್ನ ತುರುಕೋದು ಬೇಡ. ಗಾಳಿಯಾಡುವ ರಟ್ಟಿನ ಡಬ್ಬಿಯಲ್ಲಿ ಕತ್ತಲಲ್ಲಿ ಬಿಟ್ಟು, ಚೇತರಿಸಿಕೊಂಡ ಮೇಲೆ ಮರಗಿಡ ಇರುವ ಕಡೆ ಬಿಡಿ. ಗಾಯ ಇದ್ದರೆ ಅರಣ್ಯ ಇಲಾಖೆಗೆ ಹೇಳಿ, 1926.

ನೆಲಗಡಲೆ
ನಮ್ಮ ಪಾರ್ಕಲ್ಲಿ ಎಲ್ಲರೂ ಬಿಸ್ಕತ್ತು, ಖಾರದ ಮಿಕ್ಸ್ಚರ್ ಹಾಕುತ್ತಾರೆ. ಹಕ್ಕಿ ಮೇಲೆ ಪ್ರೀತಿ ಹುಟ್ಟಿಸೋಕೆ ಒಳ್ಳೆಯ ದಾರಿ ಅಲ್ವಾ?

ಶಿವಮೊಗ್ಗದವಳು
ಅಲ್ಲ. ಅದರಿಂದ ಪಾರಿವಾಳ, ಕಾಗೆ ಮಾತ್ರ ಜಾಸ್ತಿ ಆಗುತ್ತವೆ. ಉಲಿಯಕ್ಕಿ, ಕಳಿಂಗ ಎಲ್ಲ ಹುಳ ತಿನ್ನೋವು, ನಿಮ್ಮ ಬಿಸ್ಕತ್ತು ಮೂಸೋದೂ ಇಲ್ಲ. ಒಂದು ಬೂರುಗ, ಒಂದು ಮುತ್ತುಗ ಉಳಿಸಿಕೊಳ್ಳಿ. ಎಲೆ ಉದುರಿ ಹೂ ಬಂದಾಗ ಎಷ್ಟು ಜಾತಿ ಬರುತ್ತವೆ ನೋಡಿ.

ಲಂಡನ್_ಹಾಸನ
ಇಲ್ಲಿ ಬ್ರಿಟನ್‌ನಲ್ಲಿ ಜನವರಿ ಕೊನೆಯ ವಾರಾಂತ್ಯ ಮನೆ ಹಿತ್ತಲಲ್ಲಿ ಒಂದು ಗಂಟೆ ಕೂತು ಹಕ್ಕಿ ಎಣಿಸುವ ಕಾರ್ಯಕ್ರಮ ಇದೆ, 1979ರಿಂದ ನಡೆಯುತ್ತಿದೆ. ಹೊರಗೆ ಹಿಮ, ಒಳಗೆ ಕಿಟಕಿ ಪಕ್ಕ ಅಜ್ಜಿ, ಮೊಮ್ಮಕ್ಕಳು. ನಮ್ಮಲ್ಲೂ ಹೀಗೆ ಯಾರಾದರೂ ಶುರು ಮಾಡಬೇಕು.

ಕಂದುಕಳಿಂಗ (ಬೆಂಗಳೂರು)
ಶುರುವಾಗಿ ವರ್ಷಗಳೇ ಆಯಿತು ಹಾಸನದವರೇ. ಫೆಬ್ರವರಿ ಮಧ್ಯದಲ್ಲಿ ನಾಲ್ಕು ದಿನ 'ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್' ಇರುತ್ತದೆ, ಭಾರತ 2013ರಿಂದ ಸೇರಿದೆ. ಕನಿಷ್ಠ ಹದಿನೈದು ನಿಮಿಷ ಒಂದು ಕಡೆ ನಿಂತು ಕಂಡಿದ್ದು, ಕೇಳಿದ್ದು ಬರೆದು ಹಕ್ಕಿ ದಾಖಲಿಸುವ ಜಾಲತಾಣ ಇಬರ್ಡ್‌ಗೆ ಹಾಕಿದರೆ ಆಯಿತು. ಜನವರಿಯಲ್ಲಿ ನೀರುಹಕ್ಕಿಗಳ ಗಣತಿ ಬೇರೆ ನಡೆಯುತ್ತದೆ. ಮೇಷ್ಟ್ರೇ, ನಿಮ್ಮ ಮಕ್ಕಳು ಎರಡಕ್ಕೂ ಸೇರಬಹುದು.

ಪಶುವೈದ್ಯ_ಒಬ್ಬ
ಯಾರೂ ಹೇಳದ ಒಂದು ವಿಷಯ. ಕೆರೆ ಅಂಚಿನಲ್ಲಿ ಸತ್ತ ಹಕ್ಕಿ ಕಂಡರೆ ಮಕ್ಕಳು ಮುಟ್ಟಬಾರದು, ಗರಿ ಕೂಡ ಹೆಕ್ಕಬಾರದು. 2020-21ರ ಚಳಿಗಾಲದಲ್ಲಿ ಹಿಮಾಚಲದ ಪಾಂಗ್ ಅಣೆಕಟ್ಟಿನಲ್ಲಿ ಸಾವಿರಾರು ಹಕ್ಕಿ ಹಕ್ಕಿಜ್ವರದಿಂದ ಸತ್ತವು, ಹೆಚ್ಚಿನವು ಇದೇ ಪಟ್ಟೆತಲೆ ಹೆಬ್ಬಾತು. ಹೆದರಿಕೊಂಡು ಮನೆಯಲ್ಲಿ ಕೂರಬೇಕಿಲ್ಲ. ದೂರದಿಂದ ನೋಡಿ, ಒಂದಕ್ಕಿಂತ ಹೆಚ್ಚು ಸತ್ತಿದ್ದರೆ ಪಶುಪಾಲನಾ ಇಲಾಖೆಗೆ ಫೋನ್ ಮಾಡಿ, ಬಂದ ಮೇಲೆ ಸೋಪು ಹಾಕಿ ಕೈ ತೊಳೆಸಿ.

ಏರಿ_ಮೇಷ್ಟ್ರು (ತಿಪಟೂರು ಸೀಮೆ)
ಎಲ್ಲರಿಗೂ ಧನ್ಯವಾದ. ಎಸ್‌ಡಿಎಂಸಿ ಅಧ್ಯಕ್ಷರಿಗೆ ಲಲಿತಕ್ಕನ ಬರಹ ಓದಿ ಹೇಳಿದೆ, ಈ ಶನಿವಾರ ತಾವೂ ಬರುತ್ತೇನೆ ಅಂದರು, ಕೋಲು ಹಿಡಿದುಕೊಂಡು ಮುಂದೆ ನಡೆಯೋ ಕೆಲಸ ಅವರದೇ. ಅಚ್ಚುಕಟ್ಟಿನಲ್ಲಿ ರಾಗಿ ಬೆಳೆಯುವ ಒಬ್ಬ ಹಿರಿಯರು ಎರಡನೇ ವಾರ ಮಕ್ಕಳ ಜೊತೆ ಮಾತಾಡಲು ಒಪ್ಪಿದ್ದಾರೆ. ಕೆರೆಗೆ ಯಾವ ಹಕ್ಕಿ ಎಂದು ಬರುತ್ತದೆ ಅನ್ನೋದು ಅವರಿಗೆ ಬಾಯಿಪಾಠ. ರಂಗನತಿಟ್ಟಿನ ಬಸ್ಸು ಫೆಬ್ರವರಿಗೆ ಇರಲಿ, ಅಷ್ಟರಲ್ಲಿ ಮಕ್ಕಳಿಗೆ ನೋಡೋ ಅಭ್ಯಾಸ ಆಗಿರುತ್ತದೆ.

ನಿನ್ನೆ ಸಂಜೆ ತೂಬಿನ ಹತ್ತಿರ ಸೂಜಿಬಾಲದ ಬಾತು ಕಂಡಿತು. ಗಂಡಿನ ತಲೆ ಕಂದು, ಕತ್ತಿನ ಮೇಲೆ ಬಿಳಿ ಗೆರೆ. ತಲೆ ನೀರೊಳಗೆ, ಬಾಲ ಆಕಾಶಕ್ಕೆ. ಹಿಂದೆ ನಾಲ್ಕು ದೊಡ್ಡ ಹೆಬ್ಬಾತು ಇದ್ದವು. ಒಂದರ ಕುತ್ತಿಗೆಯಲ್ಲಿ ಏನೋ ಬಣ್ಣದ ಪಟ್ಟಿ ಇದ್ದ ಹಾಗಿತ್ತು, ಕತ್ತಲಾಗಿತ್ತು.

ಹದಿನಾರು_ಹತ್ತಿರ (ನಂಜನಗೂಡು)
ಮೇಷ್ಟ್ರೇ, ನಾಳೆ ಬೆಳಗ್ಗೆಯೇ ಹೋಗಿ! ಪಟ್ಟಿಯ ಬಣ್ಣ ಯಾವುದು, ಅದರ ಮೇಲಿನ ಅಕ್ಷರ ಯಾವುದು, ಎರಡೂ ಬೇಕು. ದೂರದಿಂದಲೇ ನೋಡಿ, ಹತ್ತಿರ ಹೋಗಬೇಡಿ.

ಲೆನ್ಸ್_ಗೌಡ
ನಾನು ಆರು ಗಂಟೆಗೆ ತಿಪಟೂರಿನಲ್ಲಿ ಇರುತ್ತೇನೆ. ಉದ್ದದ ಲೆನ್ಸ್ ತರುತ್ತೇನೆ, ಏರಿಯಿಂದ ಕೆಳಗೆ ಇಳಿಯಲ್ಲ. ಲೊಕೇಶನ್ ಕಳಿಸಿ ಮೇಷ್ಟ್ರೇ.